ಬಿಗಿದುಕೊಂಡ ಭುಜ

ದೇಹದ ಕೀಲುಗಳಲ್ಲೆಲ್ಲ ಅತಿ ಸಲೀಸಾಗಿ ತಿರುಗುವುದು ಭುಜದ ಕೀಲು. ತೋಳಿನ ಮೂಳೆಯ ಗುಂಡು ತಲೆ ದೊಡ್ಡದು. ಅದು ಕೂರುವ ಕುಣಿ ಚಿಕ್ಕದು, ಆಳವೂ ಇಲ್ಲ. ತಟ್ಟೆಯ ಮೇಲಿಟ್ಟ ನಿಂಬೆಹಣ್ಣಿನಂಥ ಈ ಜೋಡಣೆ ಜಾರದಂತೆ ಕಾಯುವುದು ಕೀಲನ್ನು ಸುತ್ತಿದ ಚೀಲ ಮತ್ತು ರೊಟೇಟರ್ ಕಫ್ ಎಂಬ ನಾಲ್ಕು ಸ್ನಾಯುಗಳ ಕಟ್ಟು. ಭುಜನೋವು ಬಹುಮಟ್ಟಿಗೆ ಹುಟ್ಟುವುದೂ ಇವುಗಳಲ್ಲೇ.

ಕಫ್‌ನ ಸ್ನಾಯುರಜ್ಜುಗಳು ವಯಸ್ಸಾದಂತೆ ಸವೆಯುತ್ತವೆ, ಕೆಲವೊಮ್ಮೆ ಹರಿಯುತ್ತವೆ. ಸುಣ್ಣ ಬಳಿಯುವವರಂತೆ ಕೈ ಮೇಲೆತ್ತಿ ದುಡಿಯುವವರಿಗೆ ಈ ತೊಂದರೆ ಹೆಚ್ಚು. ನೋವು ತೋಳಿನ ಹೊರಮಗ್ಗುಲಿಗೆ ಇಳಿಯುತ್ತದೆ. ರಾತ್ರಿ ಆ ಮಗ್ಗುಲಾಗಿ ಮಲಗಲು ಆಗುವುದಿಲ್ಲ.

ಫ್ರೋಜನ್ ಶೋಲ್ಡರ್‌ನ ಬಗೆ ಬೇರೆ. ಅಮೆರಿಕದ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್ಮನ್ 1934ರಲ್ಲಿ ಈ ಹೆಸರಿನಿಂದ ವಿವರಿಸಿದ ಬೇನೆಯನ್ನು ನಮ್ಮ ವೈದ್ಯರು ಪೆರಿಆರ್ಥ್ರೈಟಿಸ್ ಎಂದೂ ಬರೆಯುತ್ತಾರೆ. ಇಲ್ಲಿ ಕೀಲಿನ ಚೀಲವೇ ಉರಿಯೂತದಿಂದ ದಪ್ಪಗಾಗಿ ಬಿಗಿದುಕೊಳ್ಳುತ್ತದೆ. ಹೀಗೇಕೆ ಆಗುತ್ತದೆಂಬುದು ಪೂರ್ತಿ ಬಗೆಹರಿದಿಲ್ಲ. 40ರಿಂದ 60ರ ವಯಸ್ಸಿನವರಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಲ್ಲಿ ಹೆಚ್ಚು. ಮೊದಲ ತಿಂಗಳುಗಳಲ್ಲಿ ನೋವೇ ಮುಂದು. ಆಮೇಲೆ ನೋವು ತುಸು ತಗ್ಗಿ ಬಿಗಿತ ಉಳಿಯುತ್ತದೆ: ಜಡೆ ಹೆಣೆಯಲು, ಬೆನ್ನ ಹಿಂದೆ ಕೈ ಒಯ್ಯಲು ಆಗದು. ಕೊನೆಗೆ ತಾನಾಗಿ ಸಡಿಲವಾಗುತ್ತ ಬರುತ್ತದೆ. ಇಷ್ಟಕ್ಕೆ ಒಂದರಿಂದ ಮೂರು ವರ್ಷ ಹಿಡಿಯಬಹುದು. ಕೆಲವರಲ್ಲಿ ಅಲ್ಪಸ್ವಲ್ಪ ಬಿಗಿತ ಉಳಿದೇಬಿಡುತ್ತದೆ.

ಎರಡನ್ನೂ ಬೇರ್ಪಡಿಸಲು ಸ್ಕ್ಯಾನಿಗಿಂತ ಮೊದಲು ವೈದ್ಯರ ಕೈ ಸಾಕಾಗುತ್ತದೆ. ಕಫ್ ಹರಿದವರು ತಾವಾಗಿ ತೋಳೆತ್ತಲಾರರು, ಬೇರೆಯವರು ಎತ್ತಿದರೆ ಅದು ಸಾಮಾನ್ಯವಾಗಿ ಮೇಲೇರುತ್ತದೆ. ಚೀಲ ಬಿಗಿದಿದ್ದರೆ ಯಾರು ಎತ್ತಿದರೂ ಅಷ್ಟಕ್ಕೇ ನಿಲ್ಲುತ್ತದೆ. ಎಕ್ಸ್‌ರೇ ಮಾತ್ರ ಬಹುತೇಕ ಸರಿಯಾಗಿಯೇ ಕಾಣುತ್ತದೆ.

ಚಿಕಿತ್ಸೆಯಲ್ಲಿ ನೋವುನಿವಾರಕ, ಶಾಖ, ಫಿಸಿಯೋಥೆರಪಿ ಮೊದಲು. ಮುಂದಕ್ಕೆ ಬಾಗಿ ಇಳಿಬಿಟ್ಟ ತೋಳನ್ನು ಲೋಲಕದಂತೆ ತೂಗುವುದು ಹಳೆಯ, ಸುಲಭದ ವ್ಯಾಯಾಮ. ನೋವು ಕೆರಳಿರುವ ಹಂತದಲ್ಲಿ ಭುಜವನ್ನು ಬಲವಂತವಾಗಿ ಎಳೆಯುವುದು, ಜೋರಾಗಿ ತಿಕ್ಕುವುದು ಕೇಡೇ ಹೊರತು ಗುಣವಲ್ಲ. ಕೀಲಿನೊಳಗೆ ಕೊಡುವ ಸ್ಟೆರಾಯ್ಡ್ ಇಂಜೆಕ್ಷನ್ ಆರಂಭದಲ್ಲಿ ಒಳ್ಳೆಯ ಆರಾಮ ಕೊಡುತ್ತದೆ. ಮಧುಮೇಹಿಗಳಿಗೆ ಕೆಲವು ದಿನ ಸಕ್ಕರೆ ಏರುವುದರಿಂದ ನಿಗಾ ಬೇಕು. ಯಾವುದಕ್ಕೂ ಬಗ್ಗದಿದ್ದರೆ ಅರಿವಳಿಕೆಯಲ್ಲಿ ಕೀಲು ಸಡಿಲಿಸುವುದು ಅಥವಾ ದುರ್ಬೀನಿನ ಮೂಲಕ ಚೀಲವನ್ನು ಬಿಡಿಸುವುದು ಉಂಟು. ಕಫ್ ಪೂರ್ತಿ ಹರಿದಿದ್ದರೆ ಹಲವರಿಗೆ ಹೊಲಿಗೆಯ ಶಸ್ತ್ರಕ್ರಿಯೆ ಬೇಕಾಗುತ್ತದೆ.

ನೋವಿನ ಬೇರು ಭುಜದಲ್ಲೇ ಇರಬೇಕೆಂದಿಲ್ಲ. ಕುತ್ತಿಗೆಯ ನರ ಒತ್ತಿದರೆ, ಪಿತ್ತಕೋಶ ಊದಿದರೆ ಭುಜ ನೋಯುತ್ತದೆ. ಎದೆ ಹಿಂಡಿದಂತಾಗಿ, ಬೆವರು, ಉಬ್ಬಸದೊಡನೆ ನೋವು ಭುಜಕ್ಕೆ ಹರಿದರೆ ಅದು ಹೃದಯಾಘಾತವೂ ಇರಬಹುದು. ಆಗ ಹೋಗಬೇಕಾದ್ದು ಮೂಳೆ ವೈದ್ಯರಲ್ಲಿಗಲ್ಲ, ಆಸ್ಪತ್ರೆಯ ತುರ್ತು ಚಿಕಿತ್ಸಾ ಘಟಕಕ್ಕೆ.