ಹಳೇ ಮಾರುತಿ 800 ತಗೊಳ್ಳೋದಾ, ಸ್ಯಾಂಟ್ರೋ ತಗೊಳ್ಳೋದಾ? ಘಾಟಿ ಹತ್ತುವವರು ಮೊದಲು ಇದನ್ನ ನೋಡಿ

ಶಿವಮೊಗ್ಗ: ಕಡಿಮೆ ದುಡ್ಡಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಬೇಕು ಅಂದರೆ ಇವತ್ತಿಗೂ ಥಟ್ ಅಂತ ಬರುವ ಹೆಸರು ಎರಡು. ಒಂದು ಮಾರುತಿ 800, ಇನ್ನೊಂದು ಹ್ಯುಂಡೈನ ಹಳೇ ಸ್ಯಾಂಟ್ರೋ. ಎರಡರ ಉತ್ಪಾದನೆಯೂ 2014ರಲ್ಲೇ ನಿಂತಿದೆ. ಅಂದರೆ ಎಷ್ಟೇ ‘ಹೊಸ ಮಾಡೆಲ್’ ಸಿಕ್ಕರೂ ಅದು ಹತ್ತು ವರ್ಷ ದಾಟಿದ ಗಾಡಿಯೇ.

800ರದ್ದು 796 ಸಿಸಿ, 3 ಸಿಲಿಂಡರ್ ಎಂಜಿನ್. ಶಕ್ತಿ ಸುಮಾರು 37 ಬಿಎಚ್‌ಪಿ, ಬಹುತೇಕ ಗಾಡಿಗಳಲ್ಲಿ ನಾಲ್ಕೇ ಗೇರು. ಆದರೆ ತೂಕ ಬರೀ 650 ಕೆಜಿ ಆಸುಪಾಸು. ಹಾಗಾಗಿ ಪೇಟೆಯೊಳಗೆ ಒಬ್ಬರೋ ಇಬ್ಬರೋ ಕೂತರೆ ಚುರುಕಾಗೇ ಓಡುತ್ತೆ. ಅದೇ ಗಾಡಿಗೆ ಐದು ಜನ ತುಂಬಿ, ಲಗೇಜ್ ಇಟ್ಟು, ಆಗುಂಬೆಯ 14 ತಿರುವು ಹತ್ತಿಸಿದರೆ ಅಸಲಿ ಬಲ ಗೊತ್ತಾಗೋದು. ಎಸಿ ಆಫ್ ಮಾಡಿ, ತಿರುವಿಗೊಂದು ಸಲ ಫಸ್ಟ್ ಗೇರಿಗೆ ಇಳಿಯಬೇಕು. 2003ರಲ್ಲಿ ಬಂದ ಸ್ಯಾಂಟ್ರೋ ಝಿಂಗ್‌ನಲ್ಲಿ 1086 ಸಿಸಿ, 4 ಸಿಲಿಂಡರ್, 60ಕ್ಕೂ ಹೆಚ್ಚು ಬಿಎಚ್‌ಪಿ, ಐದು ಗೇರು. ಘಾಟಿಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ತಿರುವಿನಲ್ಲಿ ಮಾತ್ರ ಸ್ಯಾಂಟ್ರೋ ಸ್ವಲ್ಪ ವಾಲುತ್ತೆ, ಗಾಡಿ ಎತ್ತರ ಅಲ್ವಾ. ಆ ಎತ್ತರವೇ ಮಂಡಿನೋವಿನ ಹಿರಿಯರಿಗೆ ಹತ್ತಿ ಇಳಿಯೋಕೆ ಅನುಕೂಲ. 800 ತಗ್ಗಾಗಿ ಕೂತಿರುತ್ತೆ, ಪವರ್ ಸ್ಟೀರಿಂಗ್ ಇಲ್ಲದಿದ್ದರೂ ಹಗುರ. ಆದರೆ ಚಕ್ರ ಚಿಕ್ಕದು, ಗುಂಡಿ ಸಿಕ್ಕರೆ ಸೊಂಟಕ್ಕೇ ಏಟು.

ಖರ್ಚಿನ ವಿಷಯಕ್ಕೆ ಬಂದರೆ 800ನ್ನ ಮೀರಿಸೋರಿಲ್ಲ. ಬಿಚ್ಚೋಕೆ ಬಾರದ ಮೆಕ್ಯಾನಿಕ್ ಸಿಗೋದೇ ಕಷ್ಟ, ಬಿಡಿಭಾಗಗಳೂ ಅಗ್ಗ. ಸ್ಯಾಂಟ್ರೋದಲ್ಲಿ ಪವರ್ ಸ್ಟೀರಿಂಗ್ ಇದ್ದರೆ ಆಯಿಲ್ ಸೋರ್ತಿದೆಯಾ ನೋಡಬೇಕು, ಆ ರಿಪೇರಿ ದುಬಾರಿ. ಎರಡರಲ್ಲೂ ಇರೋದು ಟೈಮಿಂಗ್ ಬೆಲ್ಟ್. ಬದಲಾಯಿಸಿದ ಬಿಲ್ ತೋರಿಸದಿದ್ದರೆ ಬದಲಾಯಿಸಿಲ್ಲ ಅಂತಲೇ ಲೆಕ್ಕ ಹಾಕಿ. ಮಲೆನಾಡಿನ ಮಳೆಯಲ್ಲಿ ಓಡಿದ ಗಾಡಿಯಾದರೆ ಕಾಲಡಿಯ ಮ್ಯಾಟ್ ಎತ್ತಿ ತುಕ್ಕು ಹಿಡಿದಿದೆಯಾ ನೋಡಿ. ಹೊರಗಿನ ಪೇಂಟ್ ಮಿನುಗಿದ್ದಕ್ಕೆ ಮರುಳಾದವರೇ ಹೆಚ್ಚು.

ಡ್ರೈವಿಂಗ್ ಕಲಿಯೋಕೆ, ಪೇಟೆ ಓಡಾಟಕ್ಕೆ 800 ಸಾಕು. ಸಂಸಾರ ಸಮೇತ ತಿಂಗಳಿಗೊಮ್ಮೆ ಘಟ್ಟ ಇಳಿದು ಹತ್ತೋರಿಗೆ ಸ್ಯಾಂಟ್ರೋ ಝಿಂಗ್ ವಾಸಿ. ಹಳೇ ಗಾಡಿಗಳಾದ್ದರಿಂದ ಹೆಚ್ಚಿನವಲ್ಲಿ ಏರ್‌ಬ್ಯಾಗ್ ಇಲ್ಲ ಅನ್ನೋದು ನೆನಪಿರಲಿ.

ಇನ್ನು ಆರ್‌ಸಿ. 15 ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿಯನ್ನ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ನಲ್ಲಿ ಈ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ, 20 ವರ್ಷ ದಾಟಿದ ಕಾರುಗಳಿಗೆ 10,000 ಆಯಿತು. ಹಸಿರು ತೆರಿಗೆ ಬೇರೆ. ಹಾಗಾಗಿ ರೇಟು ಮಾತಾಡೋ ಮೊದಲು ಆರ್‌ಸಿ ಎಲ್ಲಿವರೆಗಿದೆ ಅಂತ ಕೇಳಿ. ಅವಧಿ ಮುಗಿದಿದ್ದರೆ ಆ ದುಡ್ಡನ್ನ ಮಾರೋರ ಲೆಕ್ಕದಿಂದಲೇ ಕಳೆಯಿರಿ.