ಪಿಎಂ ಕಿಸಾನ್ ಹೆಸರಿನ ಎಪಿಕೆ ಫೈಲ್ ಬಂತೇ? ಒತ್ತುವ ಮುನ್ನ ಇದನ್ನು ಓದಿ

ಸಿಂಧನೂರು, ಮಸ್ಕಿ, ಲಿಂಗಸುಗೂರಿನ ರೈತರೇ, ‘ಪಿಎಂ ಕಿಸಾನ್ 2,000 ರೂಪಾಯಿ ಕಂತಿಗೆ ಈ ಆ್ಯಪ್ ಹಾಕಿಕೊಳ್ಳಿ’ ಎಂದು ವಾಟ್ಸಾಪ್‌ನಲ್ಲಿ ಎಪಿಕೆ ಫೈಲ್ ಬಂದರೆ ಒತ್ತಬೇಡಿ. ಮದುವೆ ಆಮಂತ್ರಣ, ಟ್ರಾಫಿಕ್ ದಂಡದ ಹೆಸರಲ್ಲೂ ಇಂಥವು ಬರುತ್ತವೆ.

ಇದು ಟ್ರೋಜನ್. ಗ್ರೀಕ್ ಕಥೆಯ ಮರದ ಕುದುರೆಯೊಳಗೆ ಸೈನಿಕರು ಅಡಗಿದ್ದಂತೆ, ಈ ಆ್ಯಪ್‌ನೊಳಗೆ ಕಳ್ಳತನ ಅಡಗಿರುತ್ತದೆ. ಎಸ್‌ಎಂಎಸ್ ಓದಲು ಅನುಮತಿ ಕೊಟ್ಟರೆ ಒಟಿಪಿ ನೇರ ವಂಚಕರಿಗೆ ಹೋಗುತ್ತದೆ. ‘ಒಟಿಪಿ ಯಾರಿಗೂ ಹೇಳಿಲ್ಲ’ ಎನ್ನುವವರ ಹಣವೂ ಹೋಗುವುದು ಹೀಗೆಯೇ.

ಪರಿಚಿತರು ಕಳಿಸಿದ್ದರೂ ನಂಬಬೇಡಿ; ಅವರ ವಾಟ್ಸಾಪ್ ಕೂಡ ವಂಚಕರ ಕೈಯಲ್ಲಿರಬಹುದು. ಆ್ಯಪ್ ಬೇಕಿದ್ದರೆ ಪ್ಲೇ ಸ್ಟೋರ್‌ನಿಂದಲೇ ಪಡೆಯಿರಿ.

ಈಗಾಗಲೇ ಹಾಕಿಕೊಂಡಿದ್ದೀರಾ? ಕೂಡಲೇ ಏರೋಪ್ಲೇನ್ ಮೋಡ್ ಹಾಕಿ, ವೈಫೈ ಆಫ್ ಮಾಡಿ. ಬೇರೆ ಫೋನಿನಿಂದ ಬ್ಯಾಂಕಿಗೂ ಸೈಬರ್ ಸಹಾಯವಾಣಿ 1930ಕ್ಕೂ ಕರೆ ಮಾಡಿ.

ನಾವು ಕೇಳುವುದಿಷ್ಟೇ: ಆ ಫೈಲ್ ಬೇಡ, ಈ ಮಾಹಿತಿಯನ್ನು ಫಾರ್ವರ್ಡ್ ಮಾಡಿ.