ಮನೆಗಿಂತ ಮೊದಲು ಶಾಲೆ: ವಿದೇಶಕ್ಕೆ ಹೊರಟ ಕುಟುಂಬ ಮರೆಯಬಾರದ ಲೆಕ್ಕ

ಕಂಪನಿಯಿಂದ ವರ್ಗಾವಣೆಯ ಆದೇಶ ಬಂದಿರುತ್ತದೆ. ಆರೇಳು ವಾರಗಳೊಳಗೆ ಲಂಡನ್ನಿಗೋ, ದುಬೈಗೋ, ನ್ಯೂಜೆರ್ಸಿಗೋ ಹೊರಡಬೇಕು. ವೀಸಾ, ವಿಮಾನದ ಟಿಕೆಟು, ಬೆಂಗಳೂರಿನ ಮನೆಗೆ ಬಾಡಿಗೆದಾರರು, ವಯಸ್ಸಾದ ತಂದೆತಾಯಿಯರನ್ನು ನೋಡಿಕೊಳ್ಳುವ ವ್ಯವಸ್ಥೆ ಹೀಗೆ ಕೆಲಸಗಳ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಅದರ ಕಟ್ಟಕಡೆಯಲ್ಲಿ ‘ಮಕ್ಕಳ ಶಾಲೆ’ ಎಂಬ ಎರಡು ಪದಗಳಿರುತ್ತವೆ. ಅಲ್ಲಿಗೆ ಹೋದ ಮೇಲೆ ನೋಡಿಕೊಂಡರಾಯಿತು ಎಂಬ ಸಮಾಧಾನವೂ ಅದರ ಜೊತೆಗಿರುತ್ತದೆ.

ಆದರೆ ಈ ಪಟ್ಟಿಯನ್ನು ತಲೆಕೆಳಗಾಗಿ ಓದುವುದೇ ಲೇಸು. ಹಲವು ದೇಶಗಳಲ್ಲಿ ಮನೆಯ ವಿಳಾಸವೇ ಶಾಲೆಯನ್ನು ನಿರ್ಧರಿಸುತ್ತದೆ. ಮಗು ಎಂದಾದರೊಂದು ದಿನ ಕರ್ನಾಟಕಕ್ಕೆ ಮರಳಿ ಕಾಲೇಜು ಸೇರಬೇಕೆಂದಿದ್ದರೆ, ಹೊರಡುವ ವರ್ಷ ಹಾಗೂ ಹಿಂದಿರುಗುವ ವರ್ಷಗಳೇ ಅದರ ಹಣೆಬರಹವನ್ನು ಬರೆಯುತ್ತವೆ. ಆದ್ದರಿಂದ ‘ಯಾವ ಶಾಲೆ ಒಳ್ಳೆಯದು’ ಎಂಬ ಪ್ರಶ್ನೆಗಿಂತ ಮೊದಲು ‘ಎಷ್ಟು ವರ್ಷದ ವಾಸ, ಮರಳುವುದು ಎಲ್ಲಿಗೆ’ ಎಂಬ ಪ್ರಶ್ನೆಗೆ ಉತ್ತರ ದೊರೆಯಬೇಕು.

ಪ್ರವೇಶದ ದಾರಿಗಳು ಮೂರು

ಶಾಲಾ ಪ್ರವೇಶದ ಕ್ರಮ ದೇಶದಿಂದ ದೇಶಕ್ಕೆ ಭಿನ್ನವಾಗಿದೆ. ಸ್ಥೂಲವಾಗಿ ಅದನ್ನು ವಿಳಾಸ, ಹಣ ಹಾಗೂ ಪರೀಕ್ಷೆ ಎಂದು ಮೂರಾಗಿ ವಿಂಗಡಿಸಬಹುದು.

ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಶುಲ್ಕವಿಲ್ಲ. ಪ್ರತಿಯೊಂದು ಪ್ರದೇಶಕ್ಕೂ ಒಂದು ಶಾಲಾ ಜಿಲ್ಲೆ ಇರುತ್ತದೆ. ಮನೆ ಯಾವ ಬೀದಿಯಲ್ಲಿದೆ ಎಂಬುದರ ಮೇಲೆ ಸಾಮಾನ್ಯವಾಗಿ ಶಾಲೆ ನಿಗದಿಯಾಗುತ್ತದೆ. ಶಾಲೆಗಳಿಗೆ ಸ್ಥಳೀಯ ಆಸ್ತಿ ತೆರಿಗೆಯಿಂದ ಗಣನೀಯ ಪಾಲು ಹಣ ಬರುವುದರಿಂದ, ಹೆಸರುವಾಸಿ ಶಾಲೆಗಳಿರುವ ಬಡಾವಣೆಗಳಲ್ಲಿ ಮನೆ ಬಾಡಿಗೆಯೂ ಏರಿರುತ್ತದೆ. ಕ್ಯಾಲಿಫೋರ್ನಿಯಾದ ಕುಪರ್ಟಿನೊ, ಫ್ರೀಮಾಂಟ್ ಮೊದಲಾದ ಊರುಗಳಲ್ಲಿ ಭಾರತೀಯ ಕುಟುಂಬಗಳು ಹೆಚ್ಚಾಗಿ ನೆಲೆಸಿರುವುದಕ್ಕೆ ಉದ್ಯೋಗದ ಜೊತೆಗೆ ಶಾಲೆಯೂ ಒಂದು ಕಾರಣ. ಅಗ್ಗದ ಬಾಡಿಗೆಯೆಂದು ಹತ್ತು ಮೈಲಿ ಆಚೆ ಮನೆ ಹಿಡಿದವರು ಒಂದು ವರ್ಷದ ಕರಾರಿಗೆ ಸಹಿ ಹಾಕಿದ ನಂತರ ಶಾಲೆಯ ಕುರಿತು ವಿಚಾರಿಸಿದರೆ ಪ್ರಯೋಜನವಿಲ್ಲ.

ಇಂಗ್ಲೆಂಡಿನಲ್ಲಿಯೂ ಸರ್ಕಾರಿ ಶಾಲೆ ಉಚಿತ. ಶಾಲೆಗೂ ಮನೆಗೂ ನಡುವಿನ ದೂರ ಅಲ್ಲಿ ಪ್ರಮುಖ ಮಾನದಂಡ. ಆದರೆ ಶೈಕ್ಷಣಿಕ ವರ್ಷದ ನಡುವೆ ಹೋದವರಿಗೆ ಮನೆಯ ಎದುರಿನ ಶಾಲೆಯಲ್ಲಿಯೇ ಸೀಟು ದೊರೆಯುತ್ತದೆಂಬ ಖಾತ್ರಿ ಇಲ್ಲ. ತರಗತಿ ಭರ್ತಿಯಾಗಿದ್ದರೆ ಸರದಿ ಪಟ್ಟಿಯೇ ಗತಿ. ಶಾಲೆಗಳನ್ನು ತಪಾಸಣೆ ಮಾಡುವ ‘ಆಫ್‌ಸ್ಟೆಡ್’ ಸಂಸ್ಥೆಯ ವರದಿಗಳು ಸಾರ್ವಜನಿಕವಾಗಿ ಲಭ್ಯ. ಶಾಲೆಯೊಂದಕ್ಕೆ ಒಟ್ಟಾರೆ ಒಂದೇ ಪದದ ಶ್ರೇಣಿ ನೀಡುತ್ತಿದ್ದ ಪದ್ಧತಿ 2024ರ ಸೆಪ್ಟೆಂಬರಿನಲ್ಲಿ ಕೊನೆಗೊಂಡಿದೆ. ಹಾಗಾಗಿ ‘ಅತ್ಯುತ್ತಮ ಶಾಲೆ’ ಎಂಬ ಹಳೆಯ ಫಲಕವನ್ನು ನಂಬುವುದಕ್ಕಿಂತ ವರದಿಯನ್ನೇ ಪೂರ್ತಿ ಓದುವುದು ಒಳಿತು.

ದುಬೈನಲ್ಲಿ ಹಣವೇ ದಾರಿ. ಭಾರತೀಯ ನೌಕರರ ಮಕ್ಕಳು ಹೆಚ್ಚಾಗಿ ಓದುವುದು ಖಾಸಗಿ ಶಾಲೆಗಳಲ್ಲಿ. ಭಾರತೀಯ, ಬ್ರಿಟಿಷ್, ಅಮೆರಿಕನ್, ಐಬಿ ಮುಂತಾದ ಪಠ್ಯಕ್ರಮಗಳು ಒಂದೇ ನಗರದಲ್ಲಿ ಲಭ್ಯ. ಪಠ್ಯಕ್ರಮ ಬದಲಾದಂತೆ ಶುಲ್ಕವೂ ಹಲವು ಪಟ್ಟು ಬದಲಾಗುತ್ತದೆ. ಖಾಸಗಿ ಶಾಲೆಗಳ ಮೇಲ್ವಿಚಾರಣೆ ನಡೆಸುವ ಕೆಎಚ್‌ಡಿಎ ಎಂಬ ಸರ್ಕಾರಿ ಪ್ರಾಧಿಕಾರ ಶಾಲೆಗಳ ತಪಾಸಣಾ ವರದಿಯನ್ನೂ ಶುಲ್ಕದ ವಿವರವನ್ನೂ ಪ್ರಕಟಿಸುತ್ತದೆ. ಇಲ್ಲಿ ಕೇಳಬೇಕಾದದ್ದು ಕಂಪನಿಯನ್ನು: ಶಾಲಾ ಶುಲ್ಕವನ್ನು ಅದು ಭರಿಸುವುದೇ, ಎಷ್ಟು ಮಕ್ಕಳಿಗೆ, ಎಷ್ಟು ವರ್ಷ? ಎರಡು ವರ್ಷದ ನಂತರ ಭತ್ಯೆ ನಿಂತಾಗ ದುಬಾರಿ ಶಾಲೆಯಿಂದ ಮಗುವನ್ನು ಬಿಡಿಸುವುದು ಮೊದಲೇ ಸಾಧಾರಣ ಶಾಲೆಗೆ ಸೇರಿಸುವುದಕ್ಕಿಂತ ನೋವಿನ ಸಂಗತಿ.

ಸಿಂಗಪುರದ್ದು ಪರೀಕ್ಷೆಯ ದಾರಿ. ಅಲ್ಲಿನ ಸರ್ಕಾರಿ ಶಾಲೆಗಳ ಒಂದನೆಯ ತರಗತಿಯಲ್ಲಿ ಪೌರರ ಹಾಗೂ ಕಾಯಂ ನಿವಾಸಿಗಳ ಮಕ್ಕಳಿಗೆ ಆದ್ಯತೆ. ವಿದೇಶಿಯರ ಸರದಿ ಬರುವುದು ಕೊನೆಯ ಹಂತದಲ್ಲಿ. ಮೇಲಿನ ತರಗತಿಗಳಿಗೆ ಸೇರಬಯಸುವ ವಿದೇಶಿ ಮಕ್ಕಳು ಇಂಗ್ಲಿಷ್ ಮತ್ತು ಗಣಿತಗಳಲ್ಲಿ ‘ಎಇಐಎಸ್’ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕಾಗುತ್ತದೆ. ತೇರ್ಗಡೆಯಾದರೂ ಸೀಟು ಖಾಲಿ ಇದ್ದರಷ್ಟೇ ಪ್ರವೇಶ. ಆದಕಾರಣ ಅನೇಕ ಕುಟುಂಬಗಳು ಅಲ್ಲಿನ ಭಾರತೀಯ ಅಥವಾ ಅಂತರರಾಷ್ಟ್ರೀಯ ಶಾಲೆಗಳನ್ನು ಆಶ್ರಯಿಸುತ್ತವೆ.

ವಯಸ್ಸು, ತರಗತಿ, ಕ್ಯಾಲೆಂಡರು

ಕರ್ನಾಟಕದಲ್ಲಿ ರಾಜ್ಯ ಪಠ್ಯಕ್ರಮದ ಶಾಲೆಗಳು ಜೂನ್ ಹೊತ್ತಿಗೆ ಬಾಗಿಲು ತೆರೆಯುತ್ತವೆ. ಇಂಗ್ಲೆಂಡಿನಲ್ಲಿ ಸೆಪ್ಟೆಂಬರ್, ಅಮೆರಿಕದಲ್ಲಿ ಆಗಸ್ಟ್ ಅಥವಾ ಸೆಪ್ಟೆಂಬರ್, ಸಿಂಗಪುರದಲ್ಲಿ ಜನವರಿ, ಆಸ್ಟ್ರೇಲಿಯಾದಲ್ಲಿ ಜನವರಿಯ ಕೊನೆ ಅಥವಾ ಫೆಬ್ರುವರಿಯ ಆರಂಭ. ಕೊಲ್ಲಿ ರಾಷ್ಟ್ರಗಳ ಭಾರತೀಯ ಶಾಲೆಗಳು ಸಾಮಾನ್ಯವಾಗಿ ಏಪ್ರಿಲಿನಲ್ಲಿ ಪ್ರಾರಂಭವಾಗುತ್ತವೆ. ಈ ವ್ಯತ್ಯಾಸದಿಂದ ಮಗು ಅರ್ಧ ವರ್ಷ ಹಿಂದೆ ಬೀಳಬಹುದು ಅಥವಾ ಅರ್ಧ ವರ್ಷದ ಪಾಠ ತಪ್ಪಿಸಿಕೊಳ್ಳಬಹುದು.

ತರಗತಿಯ ಹೆಸರೂ ಗೊಂದಲಕ್ಕೆ ಎಡೆಮಾಡುತ್ತದೆ. ಇಂಗ್ಲೆಂಡಿನ ಮಕ್ಕಳು 4 ವರ್ಷ ತುಂಬಿದ ನಂತರದ ಸೆಪ್ಟೆಂಬರಿನಲ್ಲಿ ‘ರಿಸೆಪ್ಷನ್’ ತರಗತಿಗೆ ಸೇರುತ್ತಾರೆ. ಅಲ್ಲಿನ ‘ಇಯರ್ 6’ ಸುಮಾರಾಗಿ ಇಲ್ಲಿನ ಐದನೆಯ ತರಗತಿಗೆ ಸಮ. ಮಗುವನ್ನು ಯಾವ ತರಗತಿಗೆ ಸೇರಿಸಿಕೊಳ್ಳಬೇಕೆಂಬುದನ್ನು ಅಲ್ಲಿ ಅಂಕಪಟ್ಟಿಯಲ್ಲ, ಬಹುಮಟ್ಟಿಗೆ ಹುಟ್ಟಿದ ದಿನಾಂಕವೇ ತೀರ್ಮಾನಿಸುತ್ತದೆ.

ಜರ್ಮನಿಯ ಸಂಗತಿ ಇನ್ನೂ ಸೂಕ್ಷ್ಮ. ಅಲ್ಲಿನ ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೆಯ ತರಗತಿಯ ನಂತರ, ಬರ್ಲಿನ್ ಮತ್ತು ಬ್ರಾಂಡೆನ್‌ಬರ್ಗ್‌ಗಳಲ್ಲಿ ಆರನೆಯ ತರಗತಿಯ ನಂತರ, ಮಕ್ಕಳನ್ನು ಬೇರೆ ಬೇರೆ ಬಗೆಯ ಪ್ರೌಢಶಾಲೆಗಳಿಗೆ ಹಂಚಲಾಗುತ್ತದೆ. ವಿಶ್ವವಿದ್ಯಾಲಯದ ಕಡೆಗೆ ನೇರವಾಗಿ ಕೊಂಡೊಯ್ಯುವ ಶಾಲೆಗೆ ‘ಗಿಮ್ನಾಸಿಯುಂ’ ಎಂದು ಹೆಸರು. ಐದಾರು ವರ್ಷದ ಮಗು ಜರ್ಮನ್ ಭಾಷೆಯನ್ನು ಆಟವಾಡುತ್ತಲೇ ಕಲಿಯಬಲ್ಲದು. ಒಂಬತ್ತು ವರ್ಷದಲ್ಲಿ ಅಲ್ಲಿಗೆ ಹೋದ ಮಗುವಿಗೆ, ಅದೆಷ್ಟೇ ಜಾಣನಾಗಿದ್ದರೂ, ಈ ವಿಂಗಡಣೆಯ ಹೊತ್ತಿಗೆ ಭಾಷೆ ಕೈಹಿಡಿಯದಿರಬಹುದು. ಮುಂದೆ ದಾರಿ ಬದಲಿಸಲು ಅವಕಾಶವಿದೆಯಾದರೂ ಅದು ಸುಲಭವಲ್ಲ.

ಒಂಬತ್ತರಿಂದ ಹನ್ನೆರಡು: ಎಚ್ಚರದ ಕಾಲ

ಪ್ರಾಥಮಿಕ ಶಾಲೆಯ ಮಗುವಿನ ಸ್ಥಳಾಂತರದಲ್ಲಿ ತಪ್ಪುಗಳನ್ನು ತಿದ್ದಿಕೊಳ್ಳಲು ಸಮಯವಿರುತ್ತದೆ. ಒಂಬತ್ತನೆಯ ತರಗತಿ ದಾಟಿದ ಮೇಲೆ ಅಷ್ಟು ಸಮಯವಿರುವುದಿಲ್ಲ. ಇಂಗ್ಲೆಂಡಿನಲ್ಲಿ ಜಿಸಿಎಸ್‌ಇ ಪರೀಕ್ಷೆಯ ಪಾಠ ಸಾಮಾನ್ಯವಾಗಿ ಎರಡು ವರ್ಷ ನಡೆಯುತ್ತದೆ. ಎರಡನೆಯ ವರ್ಷದ ನಡುವೆ ಸೇರುವ ವಿದ್ಯಾರ್ಥಿ ಬೇರೆ ಪಠ್ಯ, ಬೇರೆ ಪರೀಕ್ಷಾ ಮಂಡಳಿಗಳನ್ನು ಎದುರಿಸಬೇಕಾಗುತ್ತದೆ. ಸಿಬಿಎಸ್‌ಇ ವ್ಯವಸ್ಥೆಯಲ್ಲಿಯೂ 9 ಮತ್ತು 10, 11 ಮತ್ತು 12 ಎಂಬ ಎರಡೆರಡು ವರ್ಷಗಳು ಜೋಡಿಯಾಗಿವೆ. ಜೋಡಿಯ ನಡುವೆ ಶಾಲೆ ಬದಲಿಸಲು ಮಂಡಳಿಯ ನಿಯಮಗಳನ್ನು ದಾಟಬೇಕು. ಹೊರಡುವ ದಿನಾಂಕವನ್ನು ಕೆಲವು ತಿಂಗಳು ಮುಂದೂಡುವುದು, ಅಥವಾ ಪರೀಕ್ಷೆ ಮುಗಿಯುವವರೆಗೆ ಒಬ್ಬ ಪಾಲಕರು ಮಗುವಿನೊಡನೆ ಇಲ್ಲಿಯೇ ಉಳಿಯುವುದು ಇಂತಹ ಸಂದರ್ಭದಲ್ಲಿ ವಿವೇಕದ ಮಾರ್ಗ.

ಕರ್ನಾಟಕಕ್ಕೆ ಮರಳುವವರು ಇನ್ನೊಂದು ಲೆಕ್ಕವನ್ನೂ ಹಾಕಬೇಕು. ರಾಜ್ಯದ ವೃತ್ತಿಶಿಕ್ಷಣ ಕೋರ್ಸುಗಳ ಸರ್ಕಾರಿ ಕೋಟಾ ಸೀಟಿಗೆ ಸಂಬಂಧಿಸಿದ ಸಾಮಾನ್ಯ ನಿಯಮದಂತೆ, ಅಭ್ಯರ್ಥಿಯು 1ರಿಂದ 12ನೆಯ ತರಗತಿಯೊಳಗೆ ಕನಿಷ್ಠ 7 ಶೈಕ್ಷಣಿಕ ವರ್ಷ ಕರ್ನಾಟಕದಲ್ಲಿ ಓದಿರಬೇಕು. ಜೊತೆಗೆ ಹತ್ತನೆಯ ಅಥವಾ ಹನ್ನೆರಡನೆಯ ತರಗತಿಯ ಪರೀಕ್ಷೆಯಲ್ಲಿ ರಾಜ್ಯದಿಂದಲೇ ತೇರ್ಗಡೆಯಾಗಿರಬೇಕು.

ಐದನೆಯ ತರಗತಿ ಮುಗಿಸಿ ಹೊರಟ ಹುಡುಗಿ ಪಿಯುಸಿಗೆ ಮರಳಿದರೆ ಐದಕ್ಕೆ ಎರಡು ಸೇರಿ ಏಳು ವರ್ಷವಾಗುತ್ತದೆ. ನಾಲ್ಕನೆಯ ತರಗತಿ ಮುಗಿಸಿ ಹೊರಟಿದ್ದರೆ ಲೆಕ್ಕ ಆರಕ್ಕೆ ನಿಲ್ಲುತ್ತದೆ. ಎಂಟನೆಯ ತರಗತಿಯವರೆಗೆ ಇಲ್ಲಿಯೇ ಓದಿ, ಉಳಿದುದನ್ನು ಹೊರದೇಶದಲ್ಲಿ ಮುಗಿಸಿದ ಹುಡುಗನಿಗೆ ಎಂಟು ವರ್ಷವಿದ್ದರೂ ರಾಜ್ಯದ ಪರೀಕ್ಷೆ ಇಲ್ಲದ ಕಾರಣ ಈ ನಿಯಮ ನೆರವಿಗೆ ಬರುವುದಿಲ್ಲ. ಪಿಯುಸಿಯ ಎರಡೂ ವರ್ಷ ಇಲ್ಲಿಯೇ ಓದಿದವರಿಗೆ, ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ವ್ಯಾಸಂಗ ಮಾಡಿದ್ದಲ್ಲಿ ಅನ್ವಯವಾಗುವ ಪ್ರತ್ಯೇಕ ಉಪನಿಯಮವಿದೆ. ಆದ್ದರಿಂದ ಪಾಲಕರು ತಮ್ಮ ಹಳೆಯ ಶಾಲಾ ದಾಖಲೆಗಳನ್ನೂ ಜೋಪಾನವಾಗಿ ಇಟ್ಟುಕೊಳ್ಳಬೇಕು. ನಿಯಮಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪ್ರತಿವರ್ಷ ಪ್ರಕಟಿಸುವ ಮಾಹಿತಿ ಪುಸ್ತಿಕೆಯಲ್ಲಿ ಮತ್ತೊಮ್ಮೆ ಪರಿಶೀಲಿಸುವುದು ಕ್ಷೇಮ.

ವೈದ್ಯಕೀಯ ಶಿಕ್ಷಣದ ಕನಸಿದ್ದರೆ ವಿಷಯಗಳ ಆಯ್ಕೆಯಲ್ಲಿಯೂ ಜಾಗರೂಕತೆ ಬೇಕು. ನೀಟ್ ಅರ್ಹತೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಅವಶ್ಯ. ಬ್ರಿಟಿಷ್ ಎ-ಲೆವೆಲ್ ಪದ್ಧತಿಯಲ್ಲಿ ಮೂರೇ ವಿಷಯಗಳನ್ನು ಆರಿಸಿಕೊಳ್ಳುವ ರೂಢಿ ಇರುವುದರಿಂದ ಹದಿನಾರರ ವಯಸ್ಸಿನಲ್ಲಿ ಕೈಬಿಟ್ಟ ಒಂದು ವಿಷಯ ಹದಿನೆಂಟರಲ್ಲಿ ಬಾಗಿಲು ಮುಚ್ಚಬಹುದು. ವಿದೇಶಿ ಮಂಡಳಿಗಳ ಪ್ರಮಾಣಪತ್ರಕ್ಕೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘ ನೀಡುವ ಸಮಾನತೆಯ ಪತ್ರವೂ ಬೇಕಾಗಬಹುದು.

ಕೈಯಲ್ಲಿರಬೇಕಾದ ಕಾಗದಪತ್ರ

ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ಹಿಂದಿನ ಎರಡು ವರ್ಷಗಳ ಅಂಕಪಟ್ಟಿ, ವರ್ಗಾವಣೆ ಪತ್ರ, ಲಸಿಕೆ ಪುಸ್ತಕ ಇವಿಷ್ಟನ್ನೂ ಸಾಮಾನಿನ ಪೆಟ್ಟಿಗೆಯಲ್ಲಿಡದೆ ಕೈಚೀಲದಲ್ಲಿಯೇ ಒಯ್ಯಬೇಕು. ವರ್ಗಾವಣೆ ಪತ್ರಕ್ಕೆ ಶಿಕ್ಷಣ ಇಲಾಖೆಯ ಮೇಲುಸಹಿ ಬೇಕೇ ಎಂಬುದನ್ನು ಹೊರಡುವ ಮೊದಲೇ ತಿಳಿದುಕೊಳ್ಳಬೇಕು. ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳಿಗೆ ಅಪೊಸ್ಟಿಲ್ ಮುದ್ರೆ ಸಾಕು. ಉಳಿದ ದೇಶಗಳು ತಮ್ಮ ದೂತಾವಾಸದ ದೃಢೀಕರಣವನ್ನೂ ಕೇಳಬಹುದು. ಅಮೆರಿಕದ ಶಾಲೆಗಳು ಲಸಿಕೆಯ ದಾಖಲೆಯನ್ನು ಕಟ್ಟುನಿಟ್ಟಾಗಿ ಪರಿಶೀಲಿಸುತ್ತವೆ. ನಮ್ಮ ಸರ್ಕಾರಿ ಲಸಿಕಾ ಪಟ್ಟಿಯಲ್ಲಿಲ್ಲದ ಸೀತಾಳೆ ಸಿಡುಬಿನ ಲಸಿಕೆಯನ್ನು ಅಲ್ಲಿ ಕೇಳುತ್ತಾರೆ. ಇದನ್ನು ಇಲ್ಲಿಯೇ ವೈದ್ಯರ ಸಲಹೆಯಂತೆ ಹಾಕಿಸಿ ದಿನಾಂಕ ಬರೆಸಿಕೊಂಡರೆ ಅಲೆದಾಟ ತಪ್ಪುತ್ತದೆ.

ಕನ್ನಡವೂ ಒಂದು ವಿಷಯ

ಸಿಂಗಪುರದ ಶಾಲೆಗಳಲ್ಲಿ ತಮಿಳು ಮಾತೃಭಾಷೆಯಾಗಿ ಕಲಿಯಲು ಸಿಗುತ್ತದೆ, ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಭಾಷೆಗಳಿಗೂ ಅವಕಾಶವಿದೆ, ಕನ್ನಡಕ್ಕಿಲ್ಲ. ಇತ್ತ, 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮವು ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕೆನ್ನುತ್ತದೆ. ಐದು ವರ್ಷ ಹೊರಗಿದ್ದು ಮರಳಿದ ಮಗುವಿಗೆ ಗಣಿತಕ್ಕಿಂತ ಕನ್ನಡವೇ ಕಷ್ಟವಾಗಬಹುದು. ಹೊರನಾಡಿನ ಕನ್ನಡ ಸಂಘಗಳು ಹಲವೆಡೆ ವಾರಾಂತ್ಯದ ಕನ್ನಡ ತರಗತಿಗಳನ್ನು ನಡೆಸುತ್ತಿವೆ. ಹೊಸ ಊರಿನಲ್ಲಿ ಶಾಲೆ ಹುಡುಕುವಾಗ ಅದರ ವಿಳಾಸವನ್ನೂ ಕೇಳಿಟ್ಟುಕೊಳ್ಳಬಹುದು. ಅಜ್ಜ ಅಜ್ಜಿಯರೊಡನೆ ಫೋನಿನಲ್ಲಿ ಮಾತನಾಡಲಾದರೂ ಅದು ಬೇಕು.

ಕೊನೆಗೆ, ಇಷ್ಟೆಲ್ಲ ಲೆಕ್ಕಾಚಾರದ ನಡುವೆ ಮನೆಯಲ್ಲಿ ಯಾರೂ ಕೇಳದೆ ಬಿಡುವ ಒಬ್ಬ ವ್ಯಕ್ತಿ ಇರುತ್ತಾನೆ: ಶಾಲೆಗೆ ಹೋಗಬೇಕಾದ ಮಗು. ಗೆಳೆಯರನ್ನು, ಮೇಷ್ಟ್ರನ್ನು, ಮೈದಾನವನ್ನು ಬಿಟ್ಟು ಹೊರಡುವುದು ಅದರ ಪಾಲಿಗೆ ದೊಡ್ಡ ಘಟನೆ. ಶಾಲೆಗಳ ಪಟ್ಟಿ ಎರಡು ಮೂರಕ್ಕೆ ಇಳಿದಾಗ ಆ ಶಾಲೆಗಳ ಚಿತ್ರಗಳನ್ನು ಮಗುವಿಗೂ ತೋರಿಸಿ ಅದರ ಅಭಿಪ್ರಾಯ ಕೇಳಬೇಕು. ಹೊಸ ದೇಶದ ಮೊದಲ ಸೋಮವಾರ ಬೆಳಿಗ್ಗೆ ಚೀಲ ಹೆಗಲಿಗೇರಿಸಿಕೊಂಡು ಅಪರಿಚಿತ ಗೇಟಿನೊಳಗೆ ಕಾಲಿಡುವುದು ಅಪ್ಪನೂ ಅಲ್ಲ, ಅಮ್ಮನೂ ಅಲ್ಲ.